ಹೊಗೆ ಹೋಗುವ ದಾರಿ: ಒಂದು ಹಳೆಯ ಯೆಜ್ಡಿಯ ಕಾರ್ಬನ್ ತೆಗೆದ ಕೆಲಸದ ವಿವರ

ನನ್ನ ಸೋದರಮಾವ ತಮ್ಮ ಯೆಜ್ಡಿ 250 ಮೋಟಾರ್ ಸೈಕಲ್ಲನ್ನು ಕೊಂಡದ್ದು 1979ರಲ್ಲಿ, ಮೈಸೂರಿನಲ್ಲಿ. ಆ ಗಾಡಿ ತಯಾರಾದ ಐಡಿಯಲ್ ಜಾವಾ ಕಾರ್ಖಾನೆಯೂ ಅದೇ ಊರಿನ ಯಾದವಗಿರಿಯಲ್ಲಿತ್ತು. 1961ರಲ್ಲಿ ಗಾಡಿ ತಯಾರಿಸಲು ಆರಂಭಿಸಿದ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದ ಮೇಲೂ ಮಾವ ಗಾಡಿಯನ್ನು ಬಿಡಲಿಲ್ಲ. ನಿವೃತ್ತರಾದ ಮೇಲೆ ಮಾತ್ರ ಅದರ ಓಡಾಟ ಬೆಳಗಿನ ಹಾಲು, ದೇವರಾಜ ಮಾರುಕಟ್ಟೆ, ವಾರಕ್ಕೊಮ್ಮೆ ದೇವಸ್ಥಾನ, ಇಷ್ಟಕ್ಕೆ ಬಂದು ನಿಂತಿತು. ಈ ಬೇಸಿಗೆಯಲ್ಲಿ ಗಾಡಿಗೆ ಉಸಿರೇ ಇಲ್ಲದಂತಾಯಿತು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಮತ್ತು ಯೆಜ್ಡಿ ಇಟ್ಟುಕೊಂಡವರೆಲ್ಲ ಒಟ್ಟುಗೂಡಿ ಸವಾರಿ ಹೊರಡುವ ವಾಡಿಕೆಯಿದೆ. ಅಷ್ಟರೊಳಗೆ ಗಾಡಿಯನ್ನು ಸರಿಪಡಿಸಿಕೊಡಬೇಕೆಂದು ಮಾವ ಕೇಳಿದರು. ನನ್ನ ಬಳಿ ಇದ್ದದ್ದು ಮೂರು ವಾರ, ಅದರಲ್ಲೂ ಶನಿವಾರ ಮತ್ತು ಭಾನುವಾರಗಳು ಮಾತ್ರ.

ಮೊದಲು ಗಾಡಿಯನ್ನು ಓಡಿಸಿ ನೋಡಿದೆ. ನಾಲ್ಕನೆಯ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಮುಳ್ಳು 55ರ ಆಚೆಗೆ ಹೋಗುತ್ತಿರಲಿಲ್ಲ. ಚಾಮುಂಡಿ ಬೆಟ್ಟದ ಏರಿನಲ್ಲಿ ಎರಡನೆಯ ಗೇರಿಗೆ ಇಳಿಸಿದರೂ ಗಾಡಿ ತಿಣುಕುತ್ತಿತ್ತು. ಬೀಗದ ಕೈ ತಿರುಗಿಸಿ ಆಫ್ ಮಾಡಿದ ಮೇಲೂ ಎಂಜಿನ್ ಎರಡು ಮೂರು ಸಲ ಕೆಮ್ಮಿ ಆಮೇಲೆ ನಿಲ್ಲುತ್ತಿತ್ತು. ಈ ಕೊನೆಯ ಲಕ್ಷಣ ನನ್ನ ಗಮನವನ್ನು ಹೆಚ್ಚು ಸೆಳೆಯಿತು: ಕಿಡಿಯೇ ಇಲ್ಲದಿರುವಾಗಲೂ ಪೆಟ್ರೋಲ್ ಹೊತ್ತಿಕೊಳ್ಳುತ್ತಿದೆ ಎಂದರೆ ಒಳಗೆ ಏನೋ ಒಂದು ಕೆಂಡದಂತೆ ಕಾದು ಕುಳಿತಿದೆ ಎಂದೇ ಅರ್ಥ. ಯೆಜ್ಡಿಗೆ ಸಿಲಿಂಡರ್ ಒಂದೇ ಆದರೂ ಹೊಗೆ ಹೋಗುವ ದ್ವಾರ ಎರಡು, ಸೈಲೆನ್ಸರ್ ಎರಡು. ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಎರಡೂ ಸೈಲೆನ್ಸರುಗಳ ತುದಿಯಿಂದ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದೆ. ಬಲಗೈಗೆ ಗಾಳಿ ಬಡಿಬಡಿದು ತಾಗುತ್ತಿತ್ತು; ಎಡಗೈಗೆ ಬರೀ ಬಿಸಿ ಉಸಿರಿನಂತೆ ಸೋಕುತ್ತಿತ್ತು.

ಹಾಗೆಂದು ನೇರವಾಗಿ ಎಂಜಿನ್ ಬಿಚ್ಚುವುದಕ್ಕೆ ನಾನು ಮುಂದಾಗಲಿಲ್ಲ. ಸುಲಭದ ಕಾರಣಗಳನ್ನು ಮೊದಲು ಪಕ್ಕಕ್ಕಿಡಬೇಕು. ಪ್ಲಗ್ ಕರ್ರಗೆ ಎಣ್ಣೆಯಾಡುತ್ತಿತ್ತು; ಹೊಸದು ಹಾಕಿದರೂ ಎರಡು ದಿನಕ್ಕೆ ಅದೇ ಬಣ್ಣಕ್ಕೆ ತಿರುಗಿತು. ಕಾರ್ಬುರೇಟರನ್ನು ಬಿಚ್ಚಿ ತೊಳೆದೆ, ಏರ್ ಫಿಲ್ಟರ್ ಬದಲಿಸಿದೆ, ಕಿಡಿಯ ಸಮಯ ನಿರ್ಧರಿಸುವ ಪಾಯಿಂಟುಗಳನ್ನು ಉಜ್ಜಿ ಅಂತರವನ್ನು ಸರಿಮಾಡಿದೆ. ಗಾಡಿ ಸ್ವಲ್ಪ ಸಲೀಸಾಗಿ ಸ್ಟಾರ್ಟ್ ಆಗತೊಡಗಿತೇ ಹೊರತು ಏರು ಹತ್ತುವ ಶಕ್ತಿ ಬರಲಿಲ್ಲ. ಪ್ಲಗ್ಗಿನ ಜಾಗಕ್ಕೆ ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಕೂರಿಸಿ ಆಕ್ಸಿಲರೇಟರ್ ಪೂರ್ತಿ ತೆರೆದು ಐದಾರು ಕಿಕ್ ಹೊಡೆದಾಗ ಮುಳ್ಳು 80 ಪಿಎಸ್‌ಐ ಹತ್ತಿರ ನಿಂತಿತು. ಪಿಸ್ಟನ್ನಿನ ತಲೆಯ ಮೇಲೆ ಕಾರ್ಬನ್, ಅಂದರೆ ಸುಟ್ಟ ಆಯಿಲಿನ ಗಟ್ಟಿ ಮಸಿ, ಕೂತ ಎಂಜಿನ್ನಿನಲ್ಲಿ ಒತ್ತಡ ಏರಬೇಕು, ಏಕೆಂದರೆ ಜಾಗ ಕಿರಿದಾಗಿರುತ್ತದೆ. ಇಲ್ಲಿ ಇಳಿದಿತ್ತು. ಆದ್ದರಿಂದ ತೊಂದರೆ ಒಂದಲ್ಲ, ಪಿಸ್ಟನ್ನಿನ ಸುತ್ತ ಕೂತು ಒತ್ತಡ ಸೋರದಂತೆ ತಡೆಯುವ ರಿಂಗುಗಳೂ ತಮ್ಮ ಕೆಲಸ ಮಾಡುತ್ತಿಲ್ಲ ಎಂಬ ಸಂಶಯ ಆಗಲೇ ಮೂಡಿತು.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಇಷ್ಟೊಂದು ಕಾರ್ಬನ್ ಏಕೆ ಕೂರುತ್ತದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ಕೆಳಗಿನ ತೊಟ್ಟಿಯಲ್ಲಿದ್ದು ಸುತ್ತಿ ಸುತ್ತಿ ಬರುತ್ತದೆ. ಸುಡುವ ಜಾಗಕ್ಕೆ ಅದು ಬರಲೇಬಾರದು. ಯೆಜ್ಡಿಯಂಥ ಗಾಡಿಯಲ್ಲಿ 2ಟಿ ಆಯಿಲನ್ನು ಪೆಟ್ರೋಲಿನೊಂದಿಗೇ ಬೆರೆಸುತ್ತೇವೆ. ಅದು ಸಿಲಿಂಡರಿನ ಕೆಳಗಿರುವ ಕ್ರಾಂಕ್‌ಕೇಸಿನ ಬೇರಿಂಗುಗಳನ್ನೂ ಪಿಸ್ಟನ್ನನ್ನೂ ನೆನೆಸಿ, ಪೆಟ್ರೋಲಿನ ಜೊತೆ ಮೇಲೇರಿ ಸುಟ್ಟು, ಉಳಿದದ್ದು ಹೊಗೆಯೊಂದಿಗೆ ಹೊರಬೀಳುತ್ತದೆ. ಪೆಟ್ರೋಲಿನಷ್ಟು ಬೇಗ ಆಯಿಲ್ ಉರಿಯುವುದಿಲ್ಲ. ಅರೆಬೆಂದ ಆಯಿಲ್ ಮೊದಲು ಅಂಟಾಗಿ, ಆಮೇಲೆ ಅರಗಿನಂತಾಗಿ, ಮತ್ತೆ ಮತ್ತೆ ಕಾದು ಕೊನೆಗೆ ಕಲ್ಲಿನಂಥ ಕಾರ್ಬನ್ ಆಗುತ್ತದೆ. ಎಂಜಿನ್ ಚೆನ್ನಾಗಿ ಕಾದು ದೂರ ಓಡಿದರೆ ಬಹುಪಾಲು ಸುಟ್ಟುಹೋಗುತ್ತದೆ. ಎರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಹಸಿಯಾಗಿಯೇ ಉಳಿದು ಪದರದ ಮೇಲೆ ಪದರವಾಗಿ ಕೂರುತ್ತದೆ. ಮಾವನ ಗಾಡಿಗೆ ಹತ್ತು ವರ್ಷಗಳಿಂದ ಸಿಕ್ಕಿದ್ದು ಇಂಥ ಓಟವೇ. ಸಾಲದ್ದಕ್ಕೆ, ಎಂಜಿನ್ನಿಗೆ ಒಳ್ಳೆಯದಾಗಲಿ ಎಂದು ಅವರು ಲೀಟರಿಗೆ 50 ಮಿ.ಲೀ. ಆಯಿಲ್ ಸುರಿಯುತ್ತಿದ್ದರು. ಅದು ಅವರ ಪ್ರೀತಿ. ಆದರೆ ಹೆಚ್ಚಾದ ಆಯಿಲ್ ಹೋಗಿ ಕೂರುವುದು ಸೈಲೆನ್ಸರಿನಲ್ಲಿ.

ಯೆಜ್ಡಿ ಗಾಡಿಗಳ ಜೊತೆಯಲ್ಲೇ ಆಯಸ್ಸು ಕಳೆದ ಹಿರಿಯ ಮೆಕ್ಯಾನಿಕ್ ಒಬ್ಬರು ಮಾವನಿಗೆ ಪರಿಚಿತರು. ಕಣ್ಣು ಮಂಜಾದ್ದರಿಂದ ಅವರು ಈಗ ಕೆಲಸ ಮಾಡುವುದಿಲ್ಲ. ಬಿಚ್ಚುವ ಮೊದಲು ಅವರನ್ನು ಕಂಡು ಬಂದೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟು: "ಹೆಡ್ ಕೆರೆದು ಕನ್ನಡಿ ಥರ ಮಾಡ್ತಾರೆ ಸಾರ್ ಎಲ್ಲಾರೂ. ಅದು ಕಣ್ಣಿಗೆ ಕಾಣ್ತದೆ, ಅದಕ್ಕೆ. ನೀವು ಹೊಗೆ ಹೋಗೋ ದಾರಿ ನೋಡಿ. ಕೆರೆಯೋಕೆ ಮುಂಚೆ ಒಂದ್ ಗಳಿಗೆ ಸುಮ್ಮನೆ ಕೂತು ನೋಡಿ." ಈ ಕೆಲಸದಲ್ಲಿ ನನಗೆ ಉಪಯೋಗಕ್ಕೆ ಬಂದ ಮಾತುಗಳಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿಲ್ಲ.

ಮೊದಲ ಶನಿವಾರ ಪೆಟ್ರೋಲ್ ಟ್ಯಾಂಕ್ ಇಳಿಸಿ, ಕಾರ್ಬುರೇಟರ್ ಕಳಚಿ, ಸೈಲೆನ್ಸರ್ ಕೊಳವೆಗಳಿಗೆ ಕೈಹಾಕಿದೆ. ಈ ಕೊಳವೆಗಳು ಸಿಲಿಂಡರಿಗೆ ಸೇರುವುದು ಮರೆ, ಅಂದರೆ ತಿರುಪಿನ ಸುರುಳಿ ಗೆರೆ, ಇರುವ ದೊಡ್ಡ ಬಳೆಯಂಥ ನಟ್ಟುಗಳಿಂದ. ಅವನ್ನು ತಿರುಗಿಸಲು ಕೊಕ್ಕೆಯ ಸ್ಪ್ಯಾನರ್ ಬೇಕು. ಹಿಂದೆ ಯಾವುದೋ ಅಂಗಡಿಯಲ್ಲಿ ಚಾಣ ಇಟ್ಟು ಸುತ್ತಿಗೆಯಿಂದ ಹೊಡೆದು ಬಿಚ್ಚಿದ್ದರ ಗಾಯ ಎಡಗಡೆಯ ನಟ್ಟಿನ ಅಂಚಿನಲ್ಲಿ ಹಾಗೆಯೇ ಇತ್ತು. ಹಾಗೆ ಹೊಡೆದರೆ ನಟ್ಟಿನ ಅಂಚು ಮುರಿಯುವುದು ಸಣ್ಣ ನಷ್ಟ. ಎರಕದ ಕಬ್ಬಿಣದ ಸಿಲಿಂಡರಿನ ಮೇಲಿರುವ ಮರೆ ಕೆಟ್ಟರೆ ಅದನ್ನು ಸರಿಪಡಿಸುವುದು ಬಹಳ ಕಷ್ಟ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಬೆಳಿಗ್ಗೆ ಎಂಜಿನ್ನನ್ನು ಐದು ನಿಮಿಷ ಓಡಿಸಿ, ಬಿಸಿ ಇರುವಾಗಲೇ ದಪ್ಪ ಕೈಗವಸು ಹಾಕಿಕೊಂಡು ಸ್ಪ್ಯಾನರ್ ಒತ್ತಿದೆ. ಬಲಗಡೆಯದು ತಕ್ಷಣ ಬಂತು. ಎಡಗಡೆಯದು ಅಲ್ಲಾಡಲಿಲ್ಲ, ಮತ್ತೆ ಎಣ್ಣೆ, ಮತ್ತೆ ಬಿಸಿ, ನಡುವೆ ಕಾಲು ಇಂಚು ಬಿಗಿದು ಮತ್ತೆ ಸಡಿಲಿಸುವುದು, ಹೀಗೆ ಒಂದೂವರೆ ಗಂಟೆ ಹಿಡಿಯಿತು. ಆತುರಪಡದೆ ಇದ್ದದ್ದರಿಂದ ಮರೆ ಉಳಿಯಿತು.

ಎಂಜಿನ್ ಪೂರ್ತಿ ಆರಿದ ಮೇಲೆ ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ಡಿನ ನಟ್ಟುಗಳನ್ನು ಕರ್ಣರೇಖೆಯಂತೆ ಎದುರುಬದಿರು ಸ್ವಲ್ಪ ಸ್ವಲ್ಪವೇ ಸಡಿಲಿಸಿ ತೆಗೆದೆ. ಬಿಸಿಯಲ್ಲಿ ಒಂದೇ ಬದಿಯಿಂದ ಬಿಚ್ಚಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುವ ಭಯವಿದೆ. ಹೆಡ್ಡನ್ನು ಎತ್ತಿ ಮಗುಚಿ ಒಂದು ಹಳೆಯ ದಿನಪತ್ರಿಕೆಯ ಮೇಲಿಟ್ಟು, ಹಿರಿಯರ ಮಾತಿನಂತೆ, ಕೆರೆಯದೆ ಕೂತು ನೋಡಿದೆ. ಪಿಸ್ಟನ್ನಿನ ತಲೆಯ ಹಿಂಬದಿಯಲ್ಲಿ, ಹೊಸ ಮಿಶ್ರಣ ನುಗ್ಗಿ ಬರುವ ಕಡೆ, ಎರಡು ಕಡೆ ಹುಣಸೆಬೀಜದ ಬಣ್ಣದ ತೆಳು ಲೇಪವಷ್ಟೇ ಇತ್ತು. ತಣ್ಣನೆಯ ಪೆಟ್ರೋಲ್ ಅಲ್ಲಿ ಪ್ರತಿ ಸುತ್ತಿಗೂ ತೊಳೆಯುತ್ತದೆ. ಮುಂಬದಿಗೆ ಬಂದಂತೆ ಬಣ್ಣ ಕಪ್ಪಾಗಿ, ಹೊಗೆಯ ದ್ವಾರಗಳ ಎದುರು ಸೀದ ಬೆಲ್ಲದ ಪಾಕದಂತೆ ಗಂಟುಗಂಟಾಗಿ ದಪ್ಪನಾಗಿ ಕೂತಿತ್ತು. ಅದರಲ್ಲೂ ಎಡಭಾಗದ ಒಂದು ಗಂಟು ಹೊಳೆಯುತ್ತ, ಚೂಪಾಗಿ ಮೇಲೆದ್ದು ನಿಂತಿತ್ತು. ಆಫ್ ಮಾಡಿದ ಮೇಲೂ ಎಂಜಿನ್ ಕೆಮ್ಮುತ್ತಿದ್ದುದಕ್ಕೆ ಕಾರಣ ಅದೇ ಇರಬೇಕು: ಚೂಪಾದ ಕಾರ್ಬನ್ ತುಣುಕಿಗೆ ಶಾಖ ಬಿಟ್ಟುಕೊಡಲು ದಾರಿಯಿರುವುದಿಲ್ಲ, ಅದು ಕೆಂಪಗೆ ಕಾದು ತಾನೇ ಪ್ಲಗ್ಗಿನ ಕೆಲಸ ಮಾಡುತ್ತದೆ. ಇಷ್ಟನ್ನೂ ಫೋಟೋ ತೆಗೆದು, ಯಾವ ಭಾಗದಲ್ಲಿ ಎಷ್ಟು ದಪ್ಪವಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಒಮ್ಮೆ ಕೆರೆದರೆ ಈ ಗುರುತುಗಳು ಮತ್ತೆ ಸಿಗುವುದಿಲ್ಲ.

ಕೆರೆಯುವುದಕ್ಕೆ ನಾನು ಬಿದಿರಿನ ಸೀಳನ್ನು ಉಳಿಯಂತೆ ಚೂಪು ಮಾಡಿಕೊಂಡಿದ್ದೆ. ಜೊತೆಗೆ ಹಳೆಯ ಕಿಟಕಿಯ ಅಲ್ಯೂಮಿನಿಯಂ ಪಟ್ಟಿಯ ಒಂದು ತುಂಡು, ಒಂದು ಹಿತ್ತಾಳೆ ಬ್ರಷ್ ಇದ್ದವು. ಪಿಸ್ಟನ್ ಮತ್ತು ಹೆಡ್ ಎರಡೂ ಅಲ್ಯೂಮಿನಿಯಮ್ಮಿನವು, ಕಬ್ಬಿಣದ ಉಳಿ ಅವನ್ನು ಬೆಣ್ಣೆಯಂತೆ ಕೆತ್ತುತ್ತದೆ. ಕಾರ್ಬನ್ನಿನ ಮೇಲೆ ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆ ಹೊದಿಸಿ ನಾಲ್ಕು ಗಂಟೆ ಬಿಟ್ಟೆ. ಸೀಮೆಎಣ್ಣೆ ಕಾರ್ಬನ್ನನ್ನು ಕರಗಿಸುವುದಿಲ್ಲ; ಅದನ್ನು ಹಿಡಿದಿಟ್ಟಿರುವ ಅಂಟನ್ನು ಸಡಿಲಿಸುತ್ತದೆ. ಆಮೇಲೆ ಬಿದಿರಿನಿಂದ ತಳ್ಳಿದರೆ ಪದರಗಳು ಒಣ ಹಲಸಿನ ತೊಗಟೆಯಂತೆ ಚಕ್ಕೆಚಕ್ಕೆಯಾಗಿ ಎದ್ದುಬಂದವು. ಒಂದು ತಪ್ಪನ್ನು ಇಲ್ಲಿ ದಾಖಲಿಸಬೇಕು. ಪ್ಲಗ್ಗಿನ ತೂತಿನ ಪಕ್ಕದ ಒಂದು ಗಟ್ಟಿ ಕಲೆ ಬಿದಿರಿಗೆ ಬಗ್ಗದಿದ್ದಾಗ ನಾನು ಸ್ಕ್ರೂಡ್ರೈವರ್ ತೆಗೆದುಕೊಂಡೆ. ಅದು ಜಾರಿ ಹೆಡ್ ಕೂರುವ ಅಂಚಿನ ಮೇಲೆ ಕೂದಲೆಳೆಯಷ್ಟು ಗೀರು ಬಿತ್ತು. ಹೆಡ್ ಕೂರುವ ಅಂಚಿನಲ್ಲಿ ಅಷ್ಟು ಸಣ್ಣ ಗೀರೂ ಒತ್ತಡ ಸೋರುವ ಕಾಲುವೆಯಾಗಬಹುದು. ದಪ್ಪ ಗಾಜಿನ ಹಲಗೆಯ ಮೇಲೆ 400ರ ನೀರುಕಾಗದ (ನಯವಾದ ಉಜ್ಜುಕಾಗದ) ಅಂಟಿಸಿ, ಹೆಡ್ಡನ್ನು ಮುಖ ಕೆಳಗಾಗಿ ಇಟ್ಟು, ಎಂಟರ ಆಕಾರದಲ್ಲಿ ಹಗುರವಾಗಿ ತಿರುಗಿಸಿ ಗೀರು ಮಾಯವಾಗುವವರೆಗೆ ಉಜ್ಜಬೇಕಾಯಿತು. ಹತ್ತು ನಿಮಿಷದ ಆತುರಕ್ಕೆ ಎರಡು ಗಂಟೆ ಹೋಯಿತು.

ಪಿಸ್ಟನ್ನಿನ ತಲೆಯನ್ನು ಬಿಡಿಸುತ್ತ ಬಂದಾಗ ಕಾರ್ಬನ್ನಿನ ಅಡಿಯಿಂದ ಮೊದಲು ಒಂದು ಬಾಣದ ಗುರುತು ಕಾಣಿಸಿತು, ಅದು ಮುಂದಕ್ಕೆ, ಹೊಗೆಯ ದ್ವಾರಗಳ ಕಡೆಗೆ ಮುಖ ಮಾಡಿತ್ತು. ಅದರ ಪಕ್ಕದಲ್ಲಿ ಅಚ್ಚೊತ್ತಿದ ಅಂಕಿ: 0.50. ಈ ಎಂಜಿನ್ನಿನ ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 75 ಮಿ.ಮೀ. ಅಂದರೆ ಈ ಸಿಲಿಂಡರನ್ನು ಯಾವಾಗಲೋ ಅರ್ಧ ಮಿಲಿಮೀಟರ್ ದೊಡ್ಡದಾಗಿ ಕೊರೆಸಿ ದೊಡ್ಡ ಪಿಸ್ಟನ್ ಹಾಕಲಾಗಿದೆ. ಮಾವನನ್ನು ಕರೆದು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದರು. "ಹೌದು ಕಣೋ, ನಿಮ್ಮತ್ತೆ ಬಾಣಂತನಕ್ಕೆ ಹೋಗಿದ್ದಾಗ ಬೋರ್ ಮಾಡಿಸಿದ್ದೆ, ಮರೆತೇಹೋಗಿತ್ತು," ಎಂದರು. ಈ ಅಂಕಿಯನ್ನು ನೋಡದೆ ಮೂಲ ಅಳತೆಯ ರಿಂಗುಗಳನ್ನು ತರಿಸಿದ್ದರೆ ಅವು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ.

ಹೆಡ್ ಬಿಚ್ಚಿದ ಮೇಲೆ ಹೊಗೆಯ ದ್ವಾರಗಳನ್ನು ನೋಡುವುದು ಸುಲಭ. ಪಿಸ್ಟನ್ನನ್ನು ಕಿಕ್ಕರಿನಿಂದ ನಿಧಾನವಾಗಿ ತೀರ ಕೆಳಕ್ಕೆ ಇಳಿಸಿದರೆ ಎರಡೂ ದ್ವಾರಗಳು ಪೂರ್ತಿ ತೆರೆದುಕೊಳ್ಳುತ್ತವೆ. ಮುಂದಿನಿಂದ, ಕೊಳವೆ ಕೂರುವ ಕಡೆಯಿಂದ, ಟಾರ್ಚ್ ಬಿಟ್ಟು ನೋಡಿದೆ. ಬಲದ್ವಾರದ ಗೋಡೆಯ ಮೇಲೆ ಒಂದು ಮಿಲಿಮೀಟರಿನಷ್ಟು ಕಾರ್ಬನ್ ಇತ್ತು. ಎಡದ್ವಾರದಲ್ಲಿ ಮೂರು ಮಿಲಿಮೀಟರಿಗಿಂತ ಹೆಚ್ಚು, ಸುತ್ತಲೂ. ಇದು ಕೇಳುವುದಕ್ಕೆ ಸಣ್ಣದೆನಿಸಬಹುದು. ಆದರೆ 30 ಮಿ.ಮೀ. ವ್ಯಾಸದ ಒಂದು ಕೊಳವೆಯ ಒಳಗೆ ಸುತ್ತಲೂ 3 ಮಿ.ಮೀ. ಕೂತರೆ ಉಳಿಯುವ ವ್ಯಾಸ 24 ಮಿ.ಮೀ.; ವಿಸ್ತೀರ್ಣ ವ್ಯಾಸದ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ದಾರಿ ನೂರಕ್ಕೆ 36ರಷ್ಟು ಕಿರಿದಾದಂತೆ. ಟೂ ಸ್ಟ್ರೋಕ್ ಎಂಜಿನ್ನಿಗೆ ಹೊಗೆಯನ್ನು ತಳ್ಳಲು ಪ್ರತ್ಯೇಕವಾದ ಒಂದು ಸ್ಟ್ರೋಕ್ ಇಲ್ಲ. ಪಿಸ್ಟನ್ ಕೆಳಗಿರುವ ಆ ಅಲ್ಪ ಕಾಲದಲ್ಲೇ ಹಳೆಯ ಹೊಗೆ ಹೊರಹೋಗಿ ಹೊಸ ಮಿಶ್ರಣ ಒಳಬರಬೇಕು. ಹೊಗೆ ಹೋಗದಿದ್ದರೆ ಹೊಸದಕ್ಕೆ ಜಾಗವಿಲ್ಲ; ಬಂದಷ್ಟು ಮಿಶ್ರಣವೂ ಹಳೆಯ ಹೊಗೆಯಲ್ಲಿ ಬೆರೆತು ಸರಿಯಾಗಿ ಉರಿಯದೆ ಮತ್ತಷ್ಟು ಕಾರ್ಬನ್ ಆಗುತ್ತದೆ. ತಲೆಯ ಮೇಲಿನ ಕಾರ್ಬನ್ ಎಂಜಿನ್ನನ್ನು ಕೆಮ್ಮಿಸುತ್ತದೆ, ದ್ವಾರದ ಕಾರ್ಬನ್ ಉಸಿರುಗಟ್ಟಿಸುತ್ತದೆ.

ಸಿಲಿಂಡರನ್ನು ಕಳಚದೆಯೇ ದ್ವಾರಗಳನ್ನು ಕೆರೆಯುವವರಿದ್ದಾರೆ. ಆ ಕ್ರಮ ನನಗೆ ಒಪ್ಪಿಗೆಯಿಲ್ಲ. ಕಾರ್ಬನ್ ಚಕ್ಕೆ ಮರಳಿನಷ್ಟೇ ಕೆಟ್ಟದ್ದು. ಕೆಳಗಿನಿಂದ ಹೊಸ ಮಿಶ್ರಣ ಬರುವ ಟ್ರಾನ್ಸ್‌ಫರ್ ಪೋರ್ಟಿನ ಮೂಲಕ ಕ್ರಾಂಕ್‌ಕೇಸಿಗೆ ಒಂದು ಚಿಟಿಕೆ ಬಿದ್ದರೂ ಅದು ಬೇರಿಂಗಿಗೆ ಹೋಗುತ್ತದೆ. ಕಂಪ್ರೆಷನ್ ಇಳಿದಿದ್ದರಿಂದ ರಿಂಗುಗಳನ್ನು ನೋಡಲೇಬೇಕಿತ್ತು. ಭಾನುವಾರ ಬೆಳಿಗ್ಗೆ ಸಿಲಿಂಡರನ್ನು ನೇರವಾಗಿ ಮೇಲಕ್ಕೆತ್ತಿದೆ. ಪಿಸ್ಟನ್ನಿನ ಅಂಚು ಹೊರಗೆ ಕಾಣುತ್ತಲೇ ಕ್ರಾಂಕ್‌ಕೇಸಿನ ಬಾಯಿಗೆ ದಪ್ಪ ಬಟ್ಟೆ ತುರುಕಿದೆ. ಆಮೇಲೆ ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್ನಿನ ಲಾಕ್ ತೆಗೆದು ಪಿಸ್ಟನ್ ಬೇರೆ ಮಾಡಿಕೊಂಡು ಮೇಜಿಗೆ ತಂದೆ.

ಮೇಲಿನ ರಿಂಗ್ ಮೂರನೆಯ ಒಂದು ಭಾಗದಷ್ಟು ತನ್ನ ಕಾಲುವೆಯಲ್ಲಿ ಹೂತುಹೋಗಿತ್ತು, ಅದೂ ಎಡದ್ವಾರದ ಎದುರಿಗೆ. ಉಗುರಿನಿಂದ ಒತ್ತಿದರೆ ಉಳಿದ ಭಾಗ ಸ್ಪ್ರಿಂಗಿನಂತೆ ಒಳಹೋಗಿ ಹೊರಬರುತ್ತಿತ್ತು, ಆ ಭಾಗ ಮಾತ್ರ ಪಿಸ್ಟನ್ನಿನೊಂದಿಗೆ ಒಂದಾಗಿತ್ತು. ಅದರ ಕೆಳಗೆ ಪಿಸ್ಟನ್ನಿನ ಪಕ್ಕೆಯ ಮೇಲೆ ಕಂದುಬಣ್ಣದ ಅರಗಿನ ಪಟ್ಟೆ ಇಳಿದಿತ್ತು: ಉರಿಯುವ ಅನಿಲ ರಿಂಗನ್ನು ದಾಟಿ ಕೆಳಗೆ ಹೋದ ಗುರುತು. ಕಂಪ್ರೆಷನ್ ಹೋಗುತ್ತಿದ್ದದ್ದು ಇಲ್ಲಿಂದಲೇ. ಪಿಸ್ಟನ್ ತನ್ನ ಶಾಖದ ಬಹುಪಾಲನ್ನು ಸಿಲಿಂಡರಿಗೆ ಬಿಟ್ಟುಕೊಡುವುದು ರಿಂಗುಗಳ ಮೂಲಕ. ಅಂಟಿದ ರಿಂಗಿನ ಮೇಲೆ ಇನ್ನೊಂದು ಬೇಸಿಗೆ ಓಡಿಸಿದ್ದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ ಸೀಜ್ ಆಗುವ ಸಂಭವವಿತ್ತು.

ಪಿಸ್ಟನ್ನನ್ನು ಡೀಸೆಲಿನಲ್ಲಿ ಮುಳುಗಿಸಿ ಒಂದು ವಾರ ಬಿಟ್ಟೆ. ಹೇಗೂ ಮುಂದಿನ ಶನಿವಾರದವರೆಗೆ ನನಗೆ ಬಿಡುವಿರಲಿಲ್ಲ. ಆಮೇಲೆ ಮರದ ಹಿಡಿಯಿಂದ ರಿಂಗಿನ ಸುತ್ತ ಮೆಲ್ಲಗೆ ತಟ್ಟುತ್ತ ಹೋದಾಗ ಒಂದು ಕಡೆ ಸಣ್ಣಗೆ ಟಿಕ್ ಎಂದು ಬಿಟ್ಟುಕೊಂಡಿತು. ರಿಂಗಿನ ಅಡಿಗೆ ಎರಡು ತೆಳು ತಗಡಿನ ಪಟ್ಟಿಗಳನ್ನು ತೂರಿಸಿ ಮೇಲಕ್ಕೆ ಜಾರಿಸಿ ತೆಗೆದೆ. ರಿಂಗನ್ನು ಸಿಲಿಂಡರಿನೊಳಗೆ ಇಟ್ಟು ಪಿಸ್ಟನ್ನಿನಿಂದ ನೇರವಾಗಿ ತಳ್ಳಿ ತುದಿಗಳ ನಡುವಿನ ಸಂದನ್ನು ಅಳೆದರೆ 0.8 ಮಿ.ಮೀ. ದಪ್ಪದ ಅಳತೆಯ ಬ್ಲೇಡ್ ಸಲೀಸಾಗಿ ಹೋಯಿತು. ಈ ಅಳತೆಯ ಬೋರಿಗೆ ಅದು ಅತಿಯಾಯಿತು. ಹೊಸ ರಿಂಗುಗಳೇ ಬೇಕೆಂದು ತೀರ್ಮಾನಿಸಿ, ಬೆಂಗಳೂರಿನ ಜೆ.ಸಿ. ರಸ್ತೆಯಿಂದ 0.50 ಅಳತೆಯ ರಿಂಗುಗಳನ್ನೂ ಗ್ಯಾಸ್ಕೆಟ್ ಸೆಟ್ಟನ್ನೂ ತರಿಸಿದೆ. ಅವುಗಳ ಸಂದು 0.3 ಮಿ.ಮೀ. ಇತ್ತು.

ಹಳೆಯ ರಿಂಗನ್ನು ಎಸೆಯಬಾರದು. ಅದನ್ನು ಎರಡಾಗಿ ಮುರಿದು ತುದಿಯನ್ನು ಅರದಿಂದ ನೇರವಾಗಿ ಉಜ್ಜಿಕೊಂಡರೆ ರಿಂಗ್ ಕಾಲುವೆಯ ಕಾರ್ಬನ್ ತೆಗೆಯಲು ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ, ಏಕೆಂದರೆ ಅದರ ದಪ್ಪ ಕಾಲುವೆಯ ಅಗಲಕ್ಕೆ ಸರಿಹೊಂದುತ್ತದೆ. ಕಾರ್ಬನ್ ತೆಗೆಯುವಾಗ ಕರಿ ಪುಡಿ ಬೀಳುತ್ತದೆ. ಬಿಳಿ ಹೊಳಪಿನ ಎಳೆ ಬರತೊಡಗಿದರೆ ಲೋಹವನ್ನೇ ಕೆತ್ತುತ್ತಿದ್ದೇವೆ ಎಂದರ್ಥ, ಅಲ್ಲಿಗೆ ನಿಲ್ಲಿಸಬೇಕು. ಟೂ ಸ್ಟ್ರೋಕ್ ಪಿಸ್ಟನ್ನಿನ ಕಾಲುವೆಯಲ್ಲಿ ಒಂದು ಸಣ್ಣ ಗೂಟ ಇರುತ್ತದೆ. ರಿಂಗ್ ತಿರುಗಿ ಅದರ ತುದಿ ದ್ವಾರಕ್ಕೆ ಸಿಕ್ಕಿಕೊಳ್ಳದಂತೆ ಅದು ತಡೆಯುತ್ತದೆ. ಆ ಗೂಟದ ಎರಡೂ ಬದಿಯಲ್ಲಿ ಕಾರ್ಬನ್ ಉಳಿದರೆ ಹೊಸ ರಿಂಗ್ ಪೂರ್ತಿ ಒಳಗೆ ಕೂರುವುದಿಲ್ಲ. ಅಲ್ಲಿ ನಾನು ಹೊಲಿಗೆಯ ಸೂಜಿ ಬಳಸಿದೆ. ಒಂದು ಪಿಸ್ಟನ್ನಿನ ಕಾಲುವೆಗಳಿಗೆ ಇಡೀ ಮಧ್ಯಾಹ್ನ ಹೋಯಿತು.

ಪಿಸ್ಟನ್ನಿನ ತಲೆಯ ಅಂಚಿನಲ್ಲಿ ಉಂಗುರದಷ್ಟು ಕಾರ್ಬನ್ ಬಿಡಬೇಕೆಂದು ಹಳೆಯ ಮೆಕ್ಯಾನಿಕ್ಕುಗಳು ಹೇಳುವುದುಂಟು. ಸವೆದ ಎಂಜಿನ್ನಿನಲ್ಲಿ ಹೆಡ್ ಮಾತ್ರ ತೆಗೆದು ಕೆಲಸ ಮಾಡುವಾಗ ಅದಕ್ಕೆ ಅರ್ಥವಿದೆ. ಇಲ್ಲಿ ರಿಂಗುಗಳೇ ಹೊಸವಾದ್ದರಿಂದ ನಾನು ಪೂರ್ತಿ ತೆಗೆದೆ. ಸಿಲಿಂಡರಿನ ದ್ವಾರಗಳನ್ನು ಬಿದಿರಿನಿಂದ ಆರಂಭಿಸಿ ಹಿತ್ತಾಳೆ ಬ್ರಷ್ಷಿನಿಂದ ಮುಗಿಸಿದೆ. ದ್ವಾರದ ಆಕಾರವನ್ನು ಅರದಿಂದ ದೊಡ್ಡದು ಮಾಡುವ ಆಸೆ ಕೆಲವರಿಗೆ ಬರುತ್ತದೆ. ದ್ವಾರದ ಮೇಲಂಚು ಒಂದು ಮಿಲಿಮೀಟರ್ ಏರಿದರೂ ಎಂಜಿನ್ನಿನ ಸ್ವಭಾವವೇ ಬದಲಾಗುತ್ತದೆ, ಅದನ್ನು ಮುಟ್ಟಬಾರದು.

ಇನ್ನು ಉಳಿದದ್ದು ಬ್ಯಾಫಲ್. ಸೈಲೆನ್ಸರಿನ ಹಿಂತುದಿಯನ್ನು ಬಿಚ್ಚಿ ಸದ್ದು ತಗ್ಗಿಸುವ ಆ ಒಳಗಿನ ತೂತುಕೊಳವೆಯನ್ನು ಎಳೆಯುವುದು ಹೇಳುವಷ್ಟು ಸುಲಭವಾಗಲಿಲ್ಲ. ಬಲಗಡೆಯದು ಸ್ವಲ್ಪ ತಿರುಚಿದಾಗ ಬಂತು. ಎಡಗಡೆಯದನ್ನು ಹೊರಗೆಳೆದಾಗ ಅದೊಂದು ಡಾಂಬರಿನ ಕೋಲಿನಂತಿತ್ತು. ತೂತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಣಿಸಲೇ ಇಲ್ಲ. ಎಡಗಡೆಯೇ ಏಕೆ ಇಷ್ಟು ಕೆಟ್ಟಿತು ಎಂಬುದಕ್ಕೆ ನನ್ನ ಊಹೆ ಹೀಗಿದೆ: ಮಾವ ಗಾಡಿಯನ್ನು ಯಾವಾಗಲೂ ಸೈಡ್ ಸ್ಟ್ಯಾಂಡಿನ ಮೇಲೆ ಎಡಕ್ಕೆ ವಾಲಿಸಿ ನಿಲ್ಲಿಸುತ್ತಿದ್ದರು ಮತ್ತು ಪೆಟ್ರೋಲ್ ಕಾಕ್ ಮುಚ್ಚುವ ಅಭ್ಯಾಸವಿರಲಿಲ್ಲ. ಒಳಗೆ ಸೋರಿದ ಮಿಶ್ರಣದಲ್ಲಿ ಪೆಟ್ರೋಲ್ ಆವಿಯಾಗಿ ಹೋಗಿ ಆಯಿಲ್ ಎಡದ್ವಾರದತ್ತ ಕೂಡಿಕೊಂಡಿತ್ತೆಂದು ತೋರುತ್ತದೆ.

ಸೈಲೆನ್ಸರ್ ಸುಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಗ್ಯಾಸಿನ ಉರಿ ಹಿಡಿದು ಒಳಗಿನ ಆಯಿಲಿಗೆ ಬೆಂಕಿ ಹಚ್ಚಿಬಿಡುತ್ತಾರೆ. ಕೆಲಸವೇನೋ ಬೇಗ ಆಗುತ್ತದೆ, ಆದರೆ ಕ್ರೋಮ್ ನೀಲಿಗಟ್ಟಿ ಮತ್ತೆ ಹಿಂದಿನಂತಾಗುವುದಿಲ್ಲ, ದಟ್ಟ ಹೊಗೆ ಬೀದಿಯವರೆಲ್ಲರ ಎದೆಗೆ ಹೋಗುತ್ತದೆ. ನಾನು ಬ್ಯಾಫಲ್‌ಗಳನ್ನು ಮಾತ್ರ ಕಾಸ್ಟಿಕ್ ಸೋಡಾದಲ್ಲಿ ನೆನೆಸಿದೆ. ಕಬ್ಬಿಣದ ಡಬ್ಬಿಯಲ್ಲಿ ಹತ್ತು ಲೀಟರ್ ತಣ್ಣೀರಿಗೆ ಒಂದು ಕಿಲೋ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಿದೆ. ಸೋಡಾದ ಮೇಲೆ ನೀರು ಹುಯ್ಯಬಾರದು. ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಮೊಣಕೈವರೆಗೆ ರಬ್ಬರ್ ಕೈಗವಸು, ಪಕ್ಕದಲ್ಲಿ ಒಂದು ಬಕೆಟ್ ನೀರು, ಇವಿಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು. ಅಲ್ಯೂಮಿನಿಯಂ ಪಾತ್ರೆಯಾಗಲಿ, ಪಿಸ್ಟನ್ ಅಥವಾ ಹೆಡ್ಡಾಗಲಿ ಇದರ ಹತ್ತಿರ ಸುಳಿಯಬಾರದು: ಸೋಡಾ ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ, ಜೊತೆಗೆ ಬೆಂಕಿ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ಎರಡು ರಾತ್ರಿ ಕಳೆದ ಮೇಲೆ ಬ್ಯಾಫಲ್‌ಗಳನ್ನು ತೆಗೆದು ನೀರು ಬಿಟ್ಟು ಬ್ರಷ್ಷಿನಿಂದ ಉಜ್ಜಿದರೆ ಕಾರ್ಬನ್ ಹಸಿ ಮಣ್ಣಿನಂತೆ ಕಳಚಿಕೊಂಡಿತು. ಮೊದಲೂ ಆಮೇಲೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದೆ. ಬಲಗಡೆಯ ಬ್ಯಾಫಲ್ 37 ಗ್ರಾಂ ಹಗುರವಾಗಿತ್ತು, ಎಡಗಡೆಯದು 92 ಗ್ರಾಂ.

ಮೂರನೆಯ ಶನಿವಾರ ಎಲ್ಲವನ್ನೂ ಮತ್ತೆ ಕೂಡಿಸಿದೆ. ಬಾಣ ಮುಂದಕ್ಕೆ, ರಿಂಗಿನ ತುದಿಗಳು ಗೂಟದ ಎರಡು ಪಕ್ಕಕ್ಕೆ, ಗಜನ್ ಪಿನ್ನಿಗೆ ಹೊಸ ಲಾಕ್. ಹಳೆಯ ಲಾಕನ್ನು ಮತ್ತೆ ಹಾಕುವ ಉಳಿತಾಯ ಬೇಡ. ಅದು ಜಾರಿದರೆ ಸಿಲಿಂಡರಿನ ಗೋಡೆಯನ್ನು ಉತ್ತುಬಿಡುತ್ತದೆ. ಸಿಲಿಂಡರಿನ ಒಳಗೋಡೆಗೆ 2ಟಿ ಆಯಿಲ್ ಸವರಿ, ಮಾವ ಮೇಲಿನಿಂದ ಹಿಡಿದು ನಿಧಾನವಾಗಿ ಇಳಿಸುವಾಗ ನಾನು ರಿಂಗುಗಳನ್ನು ಬೆರಳಿನಿಂದ ಒತ್ತಿ ಹಿಡಿದೆ. ಎಲ್ಲಿಯೂ ಬಲ ಹಾಕಲಿಲ್ಲ. ಹೆಡ್ಡಿನ ನಟ್ಟುಗಳನ್ನು ಎದುರುಬದಿರು ಮೂರು ಸುತ್ತಿನಲ್ಲಿ ಬಿಗಿದು, ಮರುದಿನ ಎಂಜಿನ್ ಕಾದು ಆರಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿದೆ.

ನಾಲ್ಕನೆಯ ಕಿಕ್ಕಿಗೆ ಗಾಡಿ ಹೊತ್ತಿಕೊಂಡಿತು. ಜೋಡಣೆಗೆ ಸವರಿದ ಆಯಿಲ್ ಸುಟ್ಟು ಐದು ನಿಮಿಷ ಬಿಳಿ ಹೊಗೆ ತುಂಬಿತು, ಆಮೇಲೆ ತಿಳಿಯಾಯಿತು. ಮತ್ತೆ ಎರಡೂ ಅಂಗೈ ಹಿಡಿದೆ. ಎಡಗೈಗೂ ಬಲಗೈಗೂ ಗಾಳಿ ಒಂದೇ ಸಮನೆ ಬಡಿಯಿತು. ಆಫ್ ಮಾಡಿದ ಕೂಡಲೇ ಎಂಜಿನ್ ನಿಂತಿತು. ಮಾವ ಏನೂ ಹೇಳಲಿಲ್ಲ, ಮತ್ತೆ ಸ್ಟಾರ್ಟ್ ಮಾಡಿ ಮತ್ತೆ ಆಫ್ ಮಾಡಿ ನೋಡಿದರು. ಹೊಸ ರಿಂಗುಗಳು ಬೋರಿಗೆ ಹೊಂದಿಕೊಳ್ಳಲು ಸಮಯ ಬೇಕಾದ್ದರಿಂದ ಮೊದಲ 500 ಕಿಲೋಮೀಟರ್ ಲೀಟರಿಗೆ 40 ಮಿ.ಲೀ. ಆಯಿಲ್ ಹಾಕಿ, ಆಕ್ಸಿಲರೇಟರನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸದೆ, ನಂಜನಗೂಡು ಮತ್ತು ಶ್ರೀರಂಗಪಟ್ಟಣದ ಕಡೆ ಓಡಿಸಿದೆವು. ಈಗ 30 ಮಿ.ಲೀ.ಗೆ ಇಳಿಸಿದ್ದೇವೆ, ಹೊಗೆ ಕಡಿಮೆ ಬರುವ ಜಾಸೋ ಎಫ್‌ಡಿ ದರ್ಜೆಯ ಆಯಿಲ್ ಮಾತ್ರ. ಅಳತೆಗೆ ಮಾವ ಕೆಮ್ಮಿನ ಔಷಧಿಯ ಮುಚ್ಚಳವೊಂದನ್ನು ತೊಳೆದು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಪೆಟ್ರೋಲ್ ಕಾಕ್ ಮುಚ್ಚುವುದನ್ನೂ ರೂಢಿಸಿಕೊಂಡಿದ್ದಾರೆ.

ಜುಲೈ ಎರಡನೆಯ ಭಾನುವಾರದ ಹೊತ್ತಿಗೆ 340 ಕಿಲೋಮೀಟರ್ ಆಗಿತ್ತಷ್ಟೆ. ಮಾವ ಸವಾರಿಯ ಕೊನೆಯ ಸಾಲಿನಲ್ಲಿ ನಿಧಾನವಾಗಿಯೇ ಹೋಗಿಬಂದರು. ಆಗಸ್ಟಿನಲ್ಲಿ ರಿಂಗುಗಳು ಹೊಂದಿಕೊಂಡ ಮೇಲೆ ಕಂಪ್ರೆಷನ್ ಮತ್ತೆ ಅಳೆದಾಗ ಮುಳ್ಳು 110ರಲ್ಲಿ ನಿಂತಿತು. ಅದೇ ದಿನ ಚಾಮುಂಡಿ ಬೆಟ್ಟದ ಏರನ್ನು ಗಾಡಿ ಇಬ್ಬರನ್ನು ಕೂರಿಸಿಕೊಂಡು ಮೂರನೆಯ ಗೇರಿನಲ್ಲೇ ಹತ್ತಿತು, ತೀರ ಕಡಿದಾದ ಒಂದು ತಿರುವಿನಲ್ಲಿ ಮಾತ್ರ ಎರಡಕ್ಕೆ ಇಳಿಸಬೇಕಾಯಿತು. ಇಳಿದುಬಂದ ಮೇಲೆ ಎಡಗಡೆಯ ಬ್ಯಾಫಲನ್ನು ಎಳೆದು ನೋಡಿದೆ: ತೂತುಗಳೆಲ್ಲ ತೆರೆದಿದ್ದವು, ಮೇಲೆ ಕಂದುಬಣ್ಣದ ತೆಳು ಎಣ್ಣೆಯ ಪೊರೆಯಿತ್ತು, ಹಳೆಯ ಬಟ್ಟೆಯಿಂದ ಒಮ್ಮೆ ಒರೆಸಿದ್ದಕ್ಕೆ ಅದು ಹೋಯಿತು. ಮುಂದಿನ ಬಾರಿ ನೋಡಬೇಕಾದ್ದು 2,000 ಕಿಲೋಮೀಟರಿಗೆ ಎಂದು ಮೀಟರಿನ ಅಂಕಿಯೊಂದಿಗೆ ಪುಸ್ತಕದಲ್ಲಿ ಬರೆದು ಮಾವನ ಕೈಗೆ ಕೊಟ್ಟಿದ್ದೇನೆ.